ಮೆಜೆಸ್ಟಿಕ್ ಇತಿಹಾಸ ಓದಿದೆವು, ನಮ್ಮ ಲಿಫ್ಟ್ ಯಾವಾಗ?

ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಮೆಜೆಸ್ಟಿಕ್ ಮೆಟ್ರೊ ನಿಲ್ದಾಣದ ಇತಿಹಾಸ ಒಂದು ಪುಟ ತುಂಬ ಬಂದಿದೆ. ಅದನ್ನು ನಾನು ಓದಿದ್ದು ಕೊಪ್ಪಳ ಜಿಲ್ಲೆಯ ನಮ್ಮೂರ ರೈಲು ನಿಲ್ದಾಣದ ಮೆಟ್ಟಿಲ ಮೇಲೆ ಕೂತು, ಮೊಬೈಲ್ ಟಾರ್ಚ್ ಹಿಡಿದು. ಅಲ್ಲಿ ಲೈಟ್ ಇತ್ತೋ ಇಲ್ಲವೋ ಬೇರೆ ಹೇಳಬೇಕಾಗಿಲ್ಲ, ಅಲ್ವಾ?

ಅವ್ವನ ಮೊಣಕಾಲು ತೋರಿಸಲು ಬೆಂಗಳೂರಿಗೆ ಹೊರಟಿದ್ದೆವು. ರೈಲು ಎರಡನೇ ಪ್ಲಾಟ್‌ಫಾರಂಗೆ. ಲಿಫ್ಟ್ ಇದೆ, ಇಲ್ಲ ಅಂತಲ್ಲ. ಬಾಗಿಲಿಗೆ ‘ದುರಸ್ತಿಯಲ್ಲಿದೆ’ ಎಂಬ ಚೀಟಿ ಅಂಟಿಸಿದ್ದಾರೆ. ದೀಪಾವಳಿಗೆ ಮಗ ಬಂದಾಗಲೂ ಅದೇ ಚೀಟಿ, ಈಗ ಬಿಸಿಲಿಗೆ ಹಳದಿಯಾಗಿದೆ. ಮುಂದೆ ಎರಡು ಕಸಬರಿಗೆ, ಒಂದು ನೀಲಿ ಬಕೆಟ್. ಕೌಂಟರಿನಲ್ಲಿ ಕೇಳಿದರೆ ‘ಮ್ಯಾಲೆ ಬರ್ದು ಕಳ್ಸೀವ್ರೀ’ ಎಂದು ಕಿಟಕಿ ಎಳೆದುಕೊಂಡರು. ಕೊನೆಗೆ ಚಹಾ ಅಂಗಡಿಯವನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವ್ವನನ್ನು ಕೂರಿಸಿ, ನಾನೂ ಅಳಿಯನೂ ಹೊತ್ತು 46 ಮೆಟ್ಟಿಲು ಹತ್ತಿದೆವು. ಅರ್ಧಕ್ಕೆ ಕುರ್ಚಿಯ ಕಾಲು ಸೀಳಿತು. ಅವನಿಗೆ 400 ರೂಪಾಯಿ ಕೊಟ್ಟೆ, ನನ್ನ ಸ್ಲೀಪರ್ ಟಿಕೆಟ್‌ಗಿಂತ ಜಾಸ್ತಿ. ಇಷ್ಟೆಲ್ಲ ಆದಮೇಲೆ ರೈಲು ಎರಡು ಗಂಟೆ ಲೇಟ್. ಮೆಟ್ರೊ ಫೋಟೊ ತೋರಿಸಿದ್ದಕ್ಕೆ ಅವ್ವ ಅಂದಳು: ‘ಅಲ್ಲಿ ನೆಲದಾಗ ಇಳಿಯಾಕ ಮೆಷಿನ್ ಐತಿ, ಇಲ್ಲಿ ಮ್ಯಾಲ ಏರಾಕ ಇಲ್ಲೇನೋ?’

ನಿಮ್ಮ ವರದಿಗಾರರು ಮೆಜೆಸ್ಟಿಕ್‌ನಲ್ಲಿದ್ದ ಕೆರೆಯ ವಿಷಯ ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ. ಅದಕ್ಕೆ ಧರ್ಮಾಂಬುಧಿ ಕೆರೆ ಅಂತ ಹೆಸರಿತ್ತು ಸ್ವಾಮಿ. ಅದು ಒಣಗಿದ ಮೇಲೆ ಬಸ್ ನಿಲ್ದಾಣ ಬಂತು. ಮೆಜೆಸ್ಟಿಕ್ ಅನ್ನುವುದು ಅಲ್ಲಿದ್ದ ಟಾಕೀಸಿನ ಹೆಸರು. ಈಗ ಬೋರ್ಡಿನಲ್ಲಿ ನಾಡಪ್ರಭು ಕೆಂಪೇಗೌಡ ನಿಲ್ದಾಣ. ಹೆಸರು ಇಡುವುದರಲ್ಲಿ ನಮ್ಮವರು ಹಿಂದೆ ಬಿದ್ದವರಲ್ಲ. ನಮ್ಮ ಭಾಗಕ್ಕೂ 2019ರಲ್ಲಿ ಕಲ್ಯಾಣ ಕರ್ನಾಟಕ ಅಂತ ಇಟ್ಟರು. ಮೆಟ್ರೊದ ಇನ್ನೊಂದು ಮಾರ್ಗದಲ್ಲಿ ಸುರಂಗ ಕೊರೆಯುವ ಯಂತ್ರಗಳಿಗೆ ತುಂಗಾ, ಭದ್ರಾ ಅಂತಲೂ ಇಟ್ಟರು. ಅಲ್ಲಿ ತುಂಗೆ, ಭದ್ರೆ ಬಂಡೆ ಕೊರೆದರೆ, ಇಲ್ಲಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಚೈನು 2024ರ ಆಗಸ್ಟ್‌ನಲ್ಲಿ ಕಿತ್ತುಹೋಗಿ ಅಪಾರ ನೀರು ಹರಿದು ಹೋಯಿತು. ಎರಡನೇ ಬೆಳೆಯ ಚಿಂತೆಯಲ್ಲಿ ನಾವು ನಿದ್ದೆಗೆಟ್ಟದ್ದನ್ನು ಯಾರು ಬರೆಯಬೇಕು?

ಇನ್ನೊಂದು ಲೆಕ್ಕ ಕೇಳಿ. ಬೆಂಗಳೂರು ಮೆಟ್ರೊಗೆ ಅಡಿಗಲ್ಲು ಬಿದ್ದದ್ದು 2006ರಲ್ಲಿ. 2011ರ ಅಕ್ಟೋಬರ್‌ಗೆ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ರೈಲು ಓಡಿತು. ಮೆಜೆಸ್ಟಿಕ್‌ಗೆ 2016ರಲ್ಲಿ ನೇರಳೆ ಮಾರ್ಗ ಬಂತು, ಮರುವರ್ಷ ಹಸಿರು ಮಾರ್ಗ. ನಡುವೆ ಯಂತ್ರ ಕೆಟ್ಟು ಕೆಲಸ ತಿಂಗಳುಗಟ್ಟಲೆ ನಿಂತರೂ ಮುಗಿಸಿದರು. ನಮ್ಮ ಗಿಣಿಗೇರಾ–ಮೆಹಬೂಬ್‌ನಗರ ರೈಲು ಮಾರ್ಗ ಮಂಜೂರಾದದ್ದು 1997-98ರಲ್ಲಿ. ಗಂಗಾವತಿ ಮುಟ್ಟಿದ್ದು 2019ರಲ್ಲಿ, ಸಿಂಧನೂರು ಮುಟ್ಟಿದ್ದು 2024ರಲ್ಲಿ. ಮಹಾನಗರದ ಅಡಿಯಲ್ಲಿ ಸುರಂಗ ಕೊರೆಯುವ ಕೆಲಸವೂ ಇಲ್ಲಿರಲಿಲ್ಲ. ಬಹುಪಾಲು ಬಯಲು, ಸುಮ್ನೆ ಬಯಲು!

ಅಂದ ಹಾಗೆ, ಪುಟದಲ್ಲಿ ಎಂಜಿನಿಯರುಗಳ ಫೋಟೊ ಇದೆ. ನಮ್ಮ ಜಿಲ್ಲೆಗಳಿಂದ ಗುಳೆ ಹೋಗಿ ಮಣ್ಣು ಹೊತ್ತವರ ಒಂದು ಸಾಲೂ ಇಲ್ಲ. ನನ್ನ ದೊಡ್ಡಪ್ಪನ ಮಗ ಅಲ್ಲಿ ಎರಡು ವರ್ಷ ಬುಟ್ಟಿ ಹೊತ್ತಿದ್ದಾನೆ. ನಿಲ್ದಾಣ ತೆರೆದ ಮೇಲೆ ಒಮ್ಮೆ ಟಿಕೆಟ್ ತೆಗೆದು ನೋಡಿ ಬಂದನಂತೆ, ಅಷ್ಟೇ.

ಸಂಬಂಧಪಟ್ಟ ಅಧಿಕಾರಿಗಳು ಕೂಡಲೇ ಲಿಫ್ಟ್ ರಿಪೇರಿ ಮಾಡಿಸಬೇಕು. ಆಗದಿದ್ದರೆ ಆ ಚೀಟಿಯನ್ನಾದರೂ ತೆಗೆಯಲಿ, ಜನ ಆಸೆ ಇಟ್ಟುಕೊಳ್ಳುವುದು ತಪ್ಪುತ್ತದೆ. ಸಂಸದರು, ಶಾಸಕರು ಯಾರೇ ಆಗಲಿ ಬಂದು ನೋಡಲಿ. ಬರುವಾಗ ತಮ್ಮ ತಾಯಿಯನ್ನೂ, ಗಟ್ಟಿ ಕುರ್ಚಿಯೊಂದನ್ನೂ ಕರೆತರಲಿ. ಚಹಾ ಅಂಗಡಿಯವನು ಇನ್ನು ಯಾರಿಗೂ ಕುರ್ಚಿ ಕೊಡುವುದಿಲ್ಲ ಅಂದಿದ್ದಾನೆ.

– ನೊಂದ ಪ್ರಯಾಣಿಕ, ಕೊಪ್ಪಳ ಜಿಲ್ಲೆ