ಕೊಪ್ಪದವಳ ಹೆಸರೇನು?

ಬರ್ಲಿನ್,
ನವೆಂಬರ್ 10

ತೀರ್ಥರೂಪ ಅಪ್ಪನಿಗೆ, ಆಯಿಗೆ, ಅಜ್ಜಿಗೆ ನಮಸ್ಕಾರಗಳು.

ನಾನು ಕ್ಷೇಮವಾಗಿದ್ದೇನೆ. ಇಲ್ಲಿ ಈಗ ಸಂಜೆ ನಾಲ್ಕೂವರೆಗೆಲ್ಲ ಕತ್ತಲೆ. ಆಯಿ, ನೀನು ಕಳಿಸಿದ ಮುರುಗಲು ಸಿಪ್ಪೆ ಇನ್ನೂ ಇದೆ. ವಾರಕ್ಕೆ ಎರಡು ಸಲ ಸಾರು ಮಾಡಿಕೊಳ್ಳುತ್ತೇನೆ.

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಮ್ಮ ಮಾತು ಊಟ, ಮಳೆ, ತೆಂಗಿನಕಾಯಿ ದರದಲ್ಲೇ ಮುಗಿದುಹೋಗುತ್ತದೆ. ಇದು ಸ್ವಲ್ಪ ಉದ್ದದ ವಿಷಯ. ಅಪ್ಪ, ನೀವು ಅಜ್ಜಿಗೂ ಓದಿ ಹೇಳಬೇಕು. ಅದಕ್ಕೇ ಪತ್ರ.

ನಮ್ಮ ಕಟ್ಟಡದ ಬಾಗಿಲ ಮುಂದೆ, ನಡೆದಾಡುವ ಜಾಗದಲ್ಲೇ, ಮೂರು ಚಿಕ್ಕ ಕಲ್ಲು ಹುಗಿದಿದ್ದಾರೆ. ಅಂಗೈಯಷ್ಟು ದೊಡ್ಡವು. ಮೇಲೆ ಹಿತ್ತಾಳೆ ತಗಡು. ಅದರಲ್ಲಿ ನಾಲ್ಕೈದು ಸಾಲು ಕೆತ್ತಿದ್ದಾರೆ. 'ಇಲ್ಲಿ ವಾಸವಾಗಿದ್ದರು' ಅಂತ ಶುರು. ಆಮೇಲೆ ಹೆಸರು, ಹುಟ್ಟಿದ ವರ್ಷ, ಹಿಡಿದು ಸಾಗಿಸಿದ ವರ್ಷ, ಕೊಂದ ಜಾಗ. ಮೂರನೆಯ ಕಲ್ಲು ಒಂದು ಮಗುವಿನದು. ನಾಜಿಗಳ ಕಾಲದಲ್ಲಿ ನಮ್ಮ ಈ ಮನೆಯಿಂದಲೇ ಒಯ್ದದ್ದು. ಗುಂಟರ್ ಡೆಮ್ನಿಗ್ ಎನ್ನುವ ಕಲಾವಿದರು 1992ರಲ್ಲಿ ಈ ಕೆಲಸ ಶುರು ಮಾಡಿದರು. ಈಗ ಯುರೋಪಿನ ಊರೂರುಗಳಲ್ಲಿ ಇಂಥ ಕಲ್ಲುಗಳು ಒಂದು ಲಕ್ಷ ದಾಟಿವೆ.

ನಿನ್ನೆ ನವೆಂಬರ್ 9. 1938ರಲ್ಲಿ ಅದೇ ರಾತ್ರಿ ಇಲ್ಲಿ ಯಹೂದಿಗಳ ಮಂದಿರಗಳಿಗೆ ಬೆಂಕಿ ಇಟ್ಟಿದ್ದರು, ಅಂಗಡಿಗಳನ್ನು ಒಡೆದಿದ್ದರು. ಪ್ರತಿ ವರ್ಷ ಆ ದಿನ ಜನ ತಮ್ಮ ಬೀದಿಯ ಕಲ್ಲುಗಳನ್ನು ತಿಕ್ಕಿ ತೊಳೆಯುತ್ತಾರೆ. ಕೆಳಗಿನ ಮನೆಯ ಅಜ್ಜಿ ಮೊಣಕಾಲೂರಿ ಕೂತು ಉಜ್ಜುತ್ತಿದ್ದರು. ಅವರಿಗೆ ಎಂಬತ್ತು ದಾಟಿದೆ. ನಾನು ಅವರ ಕೈಯಿಂದ ಬಟ್ಟೆ ಇಸಿದುಕೊಂಡು ಉಳಿದದ್ದನ್ನು ಉಜ್ಜಿದೆ. ಚೌತಿಗೆ ಮೊದಲು ನಮ್ಮ ಅಜ್ಜಿ ಹುಣಸೆಹುಳಿ ಹಾಕಿ ದೀಪ ಬೆಳಗುತ್ತಾರಲ್ಲ, ಹಾಗೇ. ಕಪ್ಪಾಗಿದ್ದ ತಗಡಿನಲ್ಲಿ ಮಗುವಿನ ಹೆಸರು ಒಂದೊಂದೇ ಅಕ್ಷರವಾಗಿ ಎದ್ದು ಬಂತು. ನನಗೆ ಗಂಟಲು ಕಟ್ಟಿತು.

ಆಗಲೇ ನೆನಪಾದದ್ದು ನಮ್ಮ ಕೊಪ್ಪದವಳು.

ಅಪ್ಪ, ಮುತ್ತಜ್ಜನ ಕಥೆ ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಉಪ್ಪಿನ ಕಾಯ್ದೆ ಮುರಿದದ್ದು. ಆಮೇಲೆ ಕರನಿರಾಕರಣೆ. ಗುಜರಾತಿನ ಬಾರ್ಡೋಲಿಯ ಕರನಿರಾಕರಣೆಯ ಹಾಗೆ ಅಂತ ಅಂಕೋಲೆಗೆ ಕರ್ನಾಟಕದ ಬಾರ್ಡೋಲಿ ಅಂತ ಹೆಸರು ಬಂದದ್ದು. ಮುತ್ತಜ್ಜ ತೀರ್ವೆ ಕಟ್ಟಲಿಲ್ಲ. ಹಿಂಡಲಗಾ ಜೈಲಿಗೆ ಹೋದ. ಗದ್ದೆ ಜಪ್ತಿಯಾಯಿತು, ಲಿಲಾವಿಗೆ ಹೋಯಿತು. ಎತ್ತು, ತಾಮ್ರದ ಹಂಡೆ, ಅನ್ನದ ಚರಿಗೆ ಯಾವುದನ್ನೂ ಬಿಡಲಿಲ್ಲ. ಸ್ವಾತಂತ್ರ್ಯ ಹೋರಾಟಗಾರರಿಗೆ ಸರಕಾರ ಕೊಟ್ಟ, 1972ರಲ್ಲಿ ಸಿಕ್ಕ ತಾಮ್ರಪತ್ರ ಇವತ್ತಿಗೂ ನಮ್ಮ ಜಗಲಿಯಲ್ಲಿದೆ. ಅದನ್ನು ನೋಡುತ್ತಲೇ ನಾನು ಬೆಳೆದೆ. ಅದರ ಬಗ್ಗೆ ನನಗೆ ತುಂಬ ಅಭಿಮಾನ.

ಆದರೆ ಮುತ್ತಜ್ಜ ಜೈಲಿನಲ್ಲಿದ್ದಾಗ ಮುತ್ತಜ್ಜಿ ಮೂರು ಮಕ್ಕಳನ್ನು ಕಟ್ಟಿಕೊಂಡು ಒಂದು ಇಡೀ ಮಳೆಗಾಲ ಎಲ್ಲಿದ್ದಳು? ಹಾಲಕ್ಕಿ ಒಕ್ಕಲಿಗರ ಕೇರಿಯಲ್ಲಿ, ನಾವು ಕೊಪ್ಪ ಅನ್ನುತ್ತೇವಲ್ಲ, ಅಲ್ಲಿ. ನಮ್ಮ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದವನ ಹೆಂಡತಿ ತನ್ನ ಗುಡಿಸಲಲ್ಲಿ ಇಟ್ಟುಕೊಂಡಳು. ತನ್ನ ಮಕ್ಕಳ ಗಂಜಿಯಲ್ಲೇ ಇವರಿಗೂ ಪಾಲು ಹಾಕಿದಳು. ಅಜ್ಜ ಆಗ ಆರು ವರ್ಷದ ಹುಡುಗ. ಆ ಗಂಜಿಯ ರುಚಿ ಸಾಯುವವರೆಗೆ ಮರೆಯಲಿಲ್ಲ ಅನ್ನುತ್ತಿದ್ದ.

ಗದ್ದೆ ಲಿಲಾವಾದಾಗ ಅವಳ ಮನೆಯ ಗೇಣಿಯೂ ಹೋಯಿತಲ್ಲ? ಕೆಲಸ ಹೋಯಿತು, ಭತ್ತ ಹೋಯಿತು. ನಮಗೆ ಹೊಲ ತಿರುಗಿ ಬಂತು. ಮುಂಬಯಿ ಪ್ರಾಂತದಲ್ಲಿ ಕಾಂಗ್ರೆಸ್ ಸರಕಾರ ಬಂದ ಮೇಲೆ ಜಪ್ತಿಯಾದ ಭೂಮಿಯನ್ನು ಹಿಂದಿರುಗಿಸಿದರು. ಅವಳ ಹೆಸರಿನಲ್ಲಿ ಒಂದು ಗುಂಟೆಯೂ ಇರಲಿಲ್ಲ. ಹಾಗಾಗಿ ಕಳೆದುಕೊಂಡವರ ಪಟ್ಟಿಯಲ್ಲಿ ಅವಳಿಲ್ಲ. ಜೈಲಿಗೆ ಹೋಗಲಿಲ್ಲ, ಹಾಗಾಗಿ ತಾಮ್ರಪತ್ರದ ಪಟ್ಟಿಯಲ್ಲೂ ಇಲ್ಲ.

ಅಪ್ಪ, ನೀವು ಶಾಲೆಯಲ್ಲಿ ಆಗಸ್ಟ್ 15ಕ್ಕೆ ಮಾಡುತ್ತಿದ್ದ ಭಾಷಣ ನನಗೆ ಬಾಯಿಪಾಠ. ನೀವು ಅವಳನ್ನು ಬಿಡುತ್ತಿರಲಿಲ್ಲ, ಅದು ನನಗೆ ಗೊತ್ತು. ಆದರೆ 'ಒಬ್ಬ ಹಾಲಕ್ಕಿ ಹೆಂಗಸು' ಅನ್ನುತ್ತಿದ್ದಿರಿ. ಅಜ್ಜ 'ಕೊಪ್ಪದವಳು' ಅನ್ನುತ್ತಿದ್ದ. ಅವಳ ಹೆಸರು ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ನಾನು ಕೇಳಿಲ್ಲ. ಕೇಳಬೇಕು ಅಂತ ನನಗೂ ಇಷ್ಟು ವರ್ಷ ಹೊಳೆಯಲಿಲ್ಲ. ನಿನ್ನೆ ರಾತ್ರಿ ಇದೇ ಯೋಚನೆಯಲ್ಲಿ ನಿದ್ದೆ ಬರಲಿಲ್ಲ.

ಇಲ್ಲಿನವರೂ ಎಲ್ಲರನ್ನೂ ಒಂದೇ ಸಲ ನೆನೆಯಲಿಲ್ಲ. ನಾಜಿಗಳು ರೋಮಾ, ಸಿಂಟಿ ಜನರನ್ನೂ ಲಕ್ಷಗಟ್ಟಲೆ ಕೊಂದರು. ಊರೂರು ತಿರುಗುವ ಬಡವರು ಅಂತ ಮೊದಲಿನಿಂದಲೂ ಜನರಿಗೆ ತಾತ್ಸಾರ. ಅದು ನರಮೇಧವೇ ಅಂತ ಪಶ್ಚಿಮ ಜರ್ಮನಿ ಒಪ್ಪಿದ್ದು 1982ರಲ್ಲಿ. ಬರ್ಲಿನ್ನಿನಲ್ಲಿ ಅವರ ಸ್ಮಾರಕ ಆದದ್ದು 2012ರಲ್ಲಿ. ಪಾರ್ಲಿಮೆಂಟಿನ ಹತ್ತಿರ, ಮರಗಳ ನಡುವೆ ಒಂದು ದುಂಡನೆಯ ಕೊಳ. ನಡುವಿನ ಕಲ್ಲಿನ ಮೇಲೆ ದಿನಾ ಒಂದು ತಾಜಾ ಹೂ ಇಡುತ್ತಾರೆ. ನಾನು ಅಲ್ಲಿಗೆ ಆಗಾಗ ಹೋಗುತ್ತೇನೆ. ಸುಮ್ನೆ ನಿಲ್ಲುತ್ತೇನೆ.

ಅಪ್ಪ, ಭಾಷಣ ಅಂದರೆ ನಿಮಗೆ ಇಷ್ಟ, ಹಾಗಾಗಿ ಇದನ್ನೂ ಬರೆಯುತ್ತೇನೆ. 1985ರ ಮೇ 8ರಂದು, ಯುದ್ಧ ಮುಗಿದು ನಲವತ್ತು ವರ್ಷವಾದಾಗ, ಪಶ್ಚಿಮ ಜರ್ಮನಿಯ ಅಧ್ಯಕ್ಷರಾಗಿದ್ದ ವೈಟ್ಸೆಕರ್ ಪಾರ್ಲಿಮೆಂಟಿನಲ್ಲಿ ಮಾತಾಡಿದರು. ಎಷ್ಟೋ ಜರ್ಮನರ ಮನಸ್ಸಿನಲ್ಲಿ ಅದು ಸೋತ ದಿನ. ಇವರು ಎದ್ದುನಿಂತು, ಅದು ನಮಗೆ ಬಿಡುಗಡೆಯ ದಿನ ಎಂದರು. ಆಮೇಲೆ ಸತ್ತವರನ್ನು ಒಬ್ಬೊಬ್ಬರನ್ನಾಗಿ ನೆನೆದರು. ಯಹೂದಿಗಳು, ಸಿಂಟಿ-ರೋಮಾ ಜನ, ಕಾಯಿಲೆಯವರು, ಎದುರು ನಿಂತವರು. ಕೊನೆಗೆ ಹೆಂಗಸರ ವಿಷಯಕ್ಕೆ ಬಂದರು. ಬಹುಶಃ ಹೆಚ್ಚಿನ ಭಾರ ಹೊತ್ತವರು ಅವರೇ, ಇತಿಹಾಸ ಅವರನ್ನು ಬೇಗ ಮರೆಯುತ್ತದೆ ಎಂಬ ಅರ್ಥದ ಮಾತು ಅದರಲ್ಲಿದೆ. ಆ ಸಾಲಿಗೆ ಬಂದಾಗಲೆಲ್ಲ ನನ್ನ ಕಣ್ಣ ಮುಂದೆ ಬರುವುದು ಗಂಜಿ ಬಡಿಸುವ ಒಂದು ಕೈ.

ನಮ್ಮ ಜಿಲ್ಲೆಯಲ್ಲಿ ಅಂಥ ನೆನಪು ಇಲ್ಲವೇ ಇಲ್ಲ ಅಂತಲ್ಲ. ಜೋಗಕ್ಕೆ ಹೋಗುವಾಗ ನೀವು ಮಾವಿನಗುಂಡಿಯಲ್ಲಿ ನನ್ನನ್ನು ಇಳಿಸಿ ಆ ಸ್ಮಾರಕ ತೋರಿಸಿದ್ದಿರಿ. ಲಿಲಾವಿನಲ್ಲಿ ಭೂಮಿ ಕೊಂಡವರ ಮನೆ ಮುಂದೆ ಉಪವಾಸ ಕೂತ ಹೆಂಗಸರದ್ದು. ಅವರದ್ದು ದೊಡ್ಡ ಧೈರ್ಯ. ಗೇಣಿ ಮಾಡುವವರ ಪರವಾಗಿ ನಿಂತವರೂ ನಮ್ಮ ಅಂಕೋಲೆಯವರೇ ಅಲ್ವಾ? ದಿನಕರ ದೇಸಾಯಿಯವರು ರೈತರನ್ನು ಒಟ್ಟು ಮಾಡಿದ್ದಕ್ಕೆ 1940ರಲ್ಲಿ ಅವರನ್ನು ಜಿಲ್ಲೆಯಿಂದಲೇ ಗಡಿಪಾರು ಮಾಡಿದ್ದರು. ಐದು ವರ್ಷ. ನಾಲ್ಕು ಸಾಲಿನ ಚುಟುಕದಲ್ಲಿ ಅವರು ಎಷ್ಟು ಹೇಳುತ್ತಿದ್ದರು! ಇಲ್ಲಿನ ಕಲ್ಲಿನ ಮೇಲಿನ ನಾಲ್ಕೈದು ಸಾಲು ಓದುವಾಗ ನನಗೆ ಅವರ ನೆನಪೂ ಬರುತ್ತದೆ.

ಹಾಲಕ್ಕಿಗಳ ನೆನಪು ಇರುವುದು ಹಾಡಿನಲ್ಲಿ. ಬಡಗೇರಿಯ ಸುಕ್ರಿ ಬೊಮ್ಮಗೌಡ ಅವರ ಬಾಯಲ್ಲಿ ಅಷ್ಟೊಂದು ಹಾಡುಗಳಿದ್ದವು. 2017ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಖುಷಿಪಟ್ಟೆವು. 2025ರ ಫೆಬ್ರುವರಿಯಲ್ಲಿ ಅವರೂ ಹೋದರು. ಅವರ ಜೊತೆ ಎಷ್ಟು ಹೋಯಿತೋ. ಅದಕ್ಕೇ ನನಗೆ ಈಗ ಅವಸರ.

ಅಪ್ಪ, ನೀವು ಎರಡು ಕೆಲಸ ಮಾಡಬೇಕು. ಮೊದಲು ಅಜ್ಜಿಯನ್ನು ಕೇಳಿ. ತನ್ನ ಅತ್ತೆಯ, ಅಂದರೆ ಮುತ್ತಜ್ಜಿಯ, ಬಾಯಲ್ಲಿ ಆ ಹೆಸರು ಒಂದಲ್ಲ ಒಂದು ಸಲ ಕೇಳಿರಲೇಬೇಕು. ಬೆಳಿಗ್ಗೆ ಚಹಾ ಕುಡಿದ ಮೇಲೆ ಅಜ್ಜಿಯ ನೆನಪು ಚುರುಕಾಗಿರುತ್ತದೆ, ಆಗ ಕೇಳಿ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ನಡುವೆ ತಿದ್ದಬೇಡಿ, ಮಾತು ಎತ್ತ ಹೋದರೂ ಹೋಗಲಿ.

ಆಮೇಲೆ ಕೊಪ್ಪಕ್ಕೆ ಹೋಗಿ. ಅವಳ ಮೊಮ್ಮಕ್ಕಳೋ ಮರಿಮಕ್ಕಳೋ ಅಲ್ಲೇ ಇರಬಹುದು. ನಾವು ಏನೋ ಗೌರವ ಕೊಡಲು ಬಂದವರಂತೆ ಹೋಗುವುದು ಬೇಡ. ಋಣ ಇರುವವರ ಹಾಗೆ ಹೋಗಿ. ಅವರ ಮನೆಯಲ್ಲಿ ಈ ಕಥೆಯನ್ನು ಹೇಗೆ ಹೇಳುತ್ತಾರೆ ಅಂತ ಕೇಳಿ. ಅವರದ್ದು ಬೇರೆಯೇ ಇರಬಹುದು. ಗೇಣಿಯ ಲೆಕ್ಕದಲ್ಲಿ ನಮ್ಮ ಮನೆಯವರು ಮಾಡಿದ ತಪ್ಪೂ ಅದರಲ್ಲಿರಬಹುದು. ಇದ್ದರೆ ಅದನ್ನೂ ಬರೆದುಕೊಳ್ಳಿ ಅಪ್ಪ. ಅವರು ಒಪ್ಪಿದರೆ, ಜಗಲಿಯಲ್ಲಿ ತಾಮ್ರಪತ್ರದ ಪಕ್ಕದಲ್ಲೇ ಅವಳ ಹೆಸರು ಹಾಕಿಸೋಣ. ಹಿತ್ತಾಳೆಯಲ್ಲಿ. ಖರ್ಚು ನನ್ನದು.

ಸುಗ್ಗಿ ಹೊತ್ತಿಗೆ ಬರುತ್ತೇನೆ, ಟಿಕೆಟ್ ಆಗಿದೆ. ಕೊಪ್ಪಕ್ಕೆ ಬೇಕಾದರೆ ಆಗ ಒಟ್ಟಿಗೇ ಹೋಗೋಣ. ಆದರೆ ಅಜ್ಜಿಯನ್ನು ಕೇಳಲು ಅಲ್ಲಿಯವರೆಗೆ ಕಾಯಬೇಡಿ. ನಾಳೆ ಬೆಳಿಗ್ಗೆಯೇ ಕೇಳಿ.

ನಿಮ್ಮ ಪ್ರೀತಿಯ ಮಗ