ತೂಕ ಏರದ ಮಕ್ಕಳು ಮತ್ತು ಕರುಳಿನ ಸೂಕ್ಷ್ಮಜೀವಿಗಳು

ಮಾನ್ಯ ಸಂಪಾದಕರೇ,

ಕರುಳಿನ ಸೂಕ್ಷ್ಮಜೀವಿಗಳ ಬಗ್ಗೆ ಈಚೆಗೆ ಪತ್ರಿಕೆಗಳ ಆರೋಗ್ಯ ಪುರವಣಿಗಳಲ್ಲಿ ಸಾಕಷ್ಟು ಬರಹಗಳು ಬರುತ್ತಿವೆ. ಅವುಗಳಲ್ಲಿ ಹೆಚ್ಚಿನವು ತೂಕ ಇಳಿಸಬೇಕೆನ್ನುವವರಿಗಾಗಿ, ಪ್ರೊಬಯಾಟಿಕ್ ಮಾತ್ರೆಗಳನ್ನು ಕೊಳ್ಳಬಲ್ಲವರಿಗಾಗಿ ಬರೆದವು. ಅಂಗನವಾಡಿ ಮೇಲ್ವಿಚಾರಕಿಯಾಗಿ ದುಡಿದು ನಿವೃತ್ತಳಾಗಿರುವ ನನಗೆ, ಈ ವಿಜ್ಞಾನದ ಪ್ರಯೋಜನ ಮೊದಲು ಸಿಗಬೇಕಾದದ್ದು ಎಷ್ಟು ಉಣಿಸಿದರೂ ತೂಕ ಏರದ ಮಕ್ಕಳಿಗೆ ಎನ್ನಿಸುತ್ತದೆ. ಆ ಮಕ್ಕಳಿಗಾಗಿಯೇ ದುಡಿಯುತ್ತಿರುವ ವಿಶ್ವವಿದ್ಯಾಲಯವೊಂದರ ತಂಡದ ಕೆಲಸವನ್ನು ನಿಮ್ಮ ಓದುಗರ ಗಮನಕ್ಕೆ ತರಲು ಈ ಪತ್ರ.

ಅಮೆರಿಕದ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಡಾ. ಜೆಫ್ರಿ ಗಾರ್ಡನ್ ಅವರ ತಂಡ ದಶಕಗಳಿಂದ ಮನುಷ್ಯನ ಕರುಳಿನ ಸೂಕ್ಷ್ಮಜೀವಿಗಳನ್ನು ಅಭ್ಯಾಸ ಮಾಡುತ್ತಿದೆ. ಯಾವ ಸೂಕ್ಷ್ಮಜೀವಿಯೂ ಸೋಂಕದಂತೆ ಬೆಳೆಸಿದ ಇಲಿಗಳಿಗೆ ಸಾಮಾನ್ಯ ಇಲಿಗಳ ಕರುಳಿನ ಬ್ಯಾಕ್ಟೀರಿಯಾಗಳನ್ನು ಸೇರಿಸಿದಾಗ, ಅವು ಮೊದಲಿಗಿಂತ ಕಡಿಮೆ ತಿಂದರೂ 14 ದಿನಗಳಲ್ಲಿ ಅವುಗಳ ಮೈಕೊಬ್ಬು ಶೇ 60ರಷ್ಟು ಹೆಚ್ಚಿದ್ದನ್ನು ಈ ತಂಡ 2004ರಲ್ಲಿ ಪ್ರಕಟಿಸಿತು. ತಿಂದ ಅನ್ನ ಮೈಗೆ ಹತ್ತುವುದರಲ್ಲಿ ಈ ಜೀವಿಗಳ ಪಾಲೂ ಇದೆ ಎಂಬುದು ಅಲ್ಲಿಂದ ಸ್ಪಷ್ಟವಾಗುತ್ತ ಬಂತು.

ಮುಂದೆ ಇದೇ ತಂಡ ಆಫ್ರಿಕಾದ ಮಲಾವಿಯಲ್ಲಿ 317 ಜೋಡಿ ಅವಳಿ ಮಕ್ಕಳನ್ನು ಮೂರು ವರ್ಷ ತುಂಬುವವರೆಗೆ ಗಮನಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿತು. ಅವರಲ್ಲಿ ಶೇ 43ರಷ್ಟು ಜೋಡಿಗಳಲ್ಲಿ ಒಂದು ಮಗು ತೀವ್ರ ಅಪೌಷ್ಟಿಕತೆಗೆ ಒಳಗಾಗಿತ್ತು, ಇನ್ನೊಂದು ಆರೋಗ್ಯವಾಗಿಯೇ ಇತ್ತು. ಒಂದೇ ತಾಯಿ, ಒಂದೇ ಮನೆ, ಒಂದೇ ಒಲೆಯ ಅಡುಗೆ. ಕ್ವಾಶಿಯೋರ್ಕರ್ ಎಂಬ ಅಪೌಷ್ಟಿಕತೆಗೆ ಒಳಗಾದ ಮಗುವಿನ ಕರುಳಿನ ಜೀವಿಗಳನ್ನು ಇಲಿಗಳಿಗೆ ಸೇರಿಸಿ, ಅವಕ್ಕೆ ಮಲಾವಿಯ ಬಡವರ ಆಹಾರವನ್ನೇ ಕೊಟ್ಟಾಗ ಆ ಇಲಿಗಳು ಬಹಳ ತೂಕ ಕಳೆದುಕೊಂಡವು.

ಈ ಸಂಗತಿಯನ್ನು ಓದಿದಾಗ ನಮ್ಮ ಕೇಂದ್ರಗಳ ಎಷ್ಟೋ ತಾಯಂದಿರು ನನಗೆ ನೆನಪಾದರು. ಸ್ಯಾಮ್, ಅಂದರೆ ತೀರಾ ತೀವ್ರವಾದ ಅಪೌಷ್ಟಿಕತೆ ಇದೆ ಎಂದು ಗುರುತಿಸಿದ ಮಗುವನ್ನು ಜಿಲ್ಲಾ ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ (ಎನ್‌ಆರ್‌ಸಿ) ಸೇರಿಸುತ್ತೇವೆ. ಮಗು ತೂಕ ಏರಿಸಿಕೊಂಡು ಮನೆಗೆ ಮರಳುತ್ತದೆ. ಕೆಲವು ತಿಂಗಳಲ್ಲಿ ಬೆಳವಣಿಗೆ ನಕ್ಷೆಯ ಗೆರೆ ಹಸಿರಿನಿಂದ ಹಳದಿಗೆ, ಹಳದಿಯಿಂದ ಕೇಸರಿಗೆ ಮತ್ತೆ ಇಳಿಯುತ್ತದೆ. ಆಗ ಮನೆಯವರು ಮಗುವಿಗೆ ದೃಷ್ಟಿಯಾಗಿದೆ ಎನ್ನುತ್ತಾರೆ, ಇಲಾಖೆಯವರು ಅಂಗನವಾಡಿಯಿಂದ ಮಗುವಿಗೆಂದು ಕೊಡುವ ‘ಪುಷ್ಟಿ’ ಎಂಬ ಪೌಷ್ಟಿಕ ಮಿಶ್ರಣದ ಪ್ಯಾಕೆಟ್ಟನ್ನು ತಾಯಿ ಮನೆಮಂದಿಗೆಲ್ಲ ಹಂಚಿರಬೇಕು ಎನ್ನುತ್ತಾರೆ. ಹಾಗೆ ಹಂಚುವುದೂ ಉಂಟು, ಇಲ್ಲವೆನ್ನುವುದಿಲ್ಲ. ಆದರೆ ಕೊಟ್ಟದ್ದನ್ನೆಲ್ಲ ಮಗುವಿಗೇ ತಿನ್ನಿಸಿಯೂ ತಲೆ ತಗ್ಗಿಸಿ ನಿಲ್ಲಬೇಕಾದ ತಾಯಂದಿರನ್ನು ನಾನು ಕಂಡಿದ್ದೇನೆ, ಅವರ ಪರವಾಗಿ ಹೇಳಲು ಆಗ ನಮ್ಮ ಬಳಿ ಏನೂ ಇರಲಿಲ್ಲ.

ಹೇಳುವಂಥದ್ದು ಈಗ ಇದೆ, ಅದು ನಮ್ಮ ನೆರೆಯ ಬಾಂಗ್ಲಾದೇಶದಿಂದ ಬಂದಿದೆ. ಗಾರ್ಡನ್ ಅವರ ತಂಡವೂ, ಢಾಕಾದ ಅಂತರರಾಷ್ಟ್ರೀಯ ಅತಿಸಾರ ಸಂಶೋಧನಾ ಕೇಂದ್ರದ ಡಾ. ತಹ್ಮೀದ್ ಅಹ್ಮದ್ ಅವರ ತಂಡವೂ ಕೂಡಿ ಆರೋಗ್ಯವಂತ ಮಕ್ಕಳ ಮಲದ ಮಾದರಿಗಳನ್ನು ತಿಂಗಳು ತಿಂಗಳೂ ಸಂಗ್ರಹಿಸಿ, ವಯಸ್ಸಿಗೆ ತಕ್ಕಂತೆ ಕರುಳಿನ ಜೀವಿಸಮುದಾಯವೂ ಹೇಗೆ ಬಲಿಯುತ್ತದೆ ಎಂಬುದನ್ನು ಗುರುತಿಸಿದವು. ಅಪೌಷ್ಟಿಕ ಮಕ್ಕಳಲ್ಲಿ ಅದು ವಯಸ್ಸಿಗೆ ತಕ್ಕಷ್ಟು ಬಲಿತಿರುವುದಿಲ್ಲವೆಂದೂ, ಆಗಿನ ಚಿಕಿತ್ಸಾ ಆಹಾರಗಳಿಂದ ಆಗುವ ಸುಧಾರಣೆ ಅರೆಬರೆಯಾಗಿ, ತಾತ್ಕಾಲಿಕವಾಗಿ ಮಾತ್ರ ಉಳಿಯುತ್ತದೆಂದೂ 2014ರಲ್ಲಿ ಪ್ರಕಟಿಸಿದವು. ನಕ್ಷೆಯ ಗೆರೆ ಮತ್ತೆ ಕೆಳಗಿಳಿಯುವುದಕ್ಕೆ ಇದೂ ಒಂದು ಕಾರಣವಾಗಿರಬಹುದೆಂದು ನಾನು ಭಾವಿಸುತ್ತೇನೆ.

ಬಳಿಕ ಅವರು ಬಾಂಗ್ಲಾದೇಶದ ಮನೆಗಳಲ್ಲಿ ಮಕ್ಕಳಿಗೆ ತಿನ್ನಿಸುವ ಪದಾರ್ಥಗಳನ್ನೇ ತೆಗೆದುಕೊಂಡು, ಯಾವುದು ಹಿಂದುಳಿದ ಬ್ಯಾಕ್ಟೀರಿಯಾಗಳನ್ನು ಬೆಳೆಸುತ್ತದೆ ಎಂದು ಇಲಿ ಮತ್ತು ಹಂದಿಮರಿಗಳಲ್ಲಿ ಪರೀಕ್ಷಿಸಿ, ಕಡಲೆಹಿಟ್ಟು, ಶೇಂಗಾ, ಸೋಯಾ ಹಿಟ್ಟು ಮತ್ತು ಬಾಳೆಕಾಯಿಯಿಂದ ಒಂದು ಪೂರಕ ಆಹಾರ ತಯಾರಿಸಿದರು. ಢಾಕಾದ ಮೀರ್‌ಪುರದ ಕೊಳೆಗೇರಿಯಲ್ಲಿ 12ರಿಂದ 18 ತಿಂಗಳ 123 ಮಕ್ಕಳಲ್ಲಿ ಒಂದು ಗುಂಪಿಗೆ ಇದನ್ನು, ಇನ್ನೊಂದು ಗುಂಪಿಗೆ ಬಳಕೆಯಲ್ಲಿದ್ದ ಅಕ್ಕಿ, ಬೇಳೆ, ಹಾಲಿನ ಪುಡಿಯ ಆಹಾರವನ್ನು ದಿನಕ್ಕೆ ಎರಡು ಬಾರಿ ಮೂರು ತಿಂಗಳು ಕೊಟ್ಟರು. ಹೊಸ ಆಹಾರದಲ್ಲಿ ಕ್ಯಾಲೊರಿ ಸುಮಾರು ಆರನೇ ಒಂದು ಪಾಲು ಕಡಿಮೆಯಿತ್ತು. ಹಾಗಿದ್ದರೂ ಅದನ್ನು ತಿಂದ ಮಕ್ಕಳ ತೂಕವೇ ಹೆಚ್ಚು ವೇಗವಾಗಿ ಏರಿತು ಎಂದು 2021ರಲ್ಲಿ ಪ್ರಕಟವಾದ ವರದಿ ತಿಳಿಸಿತು. ನಮ್ಮ ಜಠರ ಅರಗಿಸಲಾರದ ಕೆಲವು ನಾರಿನಂಥ ಸಕ್ಕರೆಗಳನ್ನು ಪ್ರಿವೊಟೆಲ್ಲಾ ಕೋಪ್ರಿ ಎಂಬ ಬ್ಯಾಕ್ಟೀರಿಯಾ ದೊಡ್ಡ ಕರುಳಿನಲ್ಲಿ ಒಡೆದು ಬಳಸುತ್ತದೆ, ಅದರ ಕೆಲವು ತಳಿಗಳಿಗೂ ಮಕ್ಕಳ ಬೆಳವಣಿಗೆಗೂ ಸಂಬಂಧವಿದೆ ಎಂಬುದು ಅವರ ಮುಂದಿನ ಸಂಶೋಧನೆಯ ತಿರುಳು.

ಇಷ್ಟು ಓದಿ ಯಾರೂ ನಾಳೆಯೇ ಮನೆಯಲ್ಲಿ ಶೇಂಗಾ ಅರೆದು ಕೂಸಿಗೆ ತಿನ್ನಿಸಲು ಹೊರಡಬಾರದೆಂದು ವಿನಂತಿ. ಮೀರ್‌ಪುರದ ಪ್ರಯೋಗ ಚಿಕ್ಕದು, ಅಲ್ಲಿ ಕೊಟ್ಟದ್ದು ವಿಟಮಿನ್, ಖನಿಜಗಳನ್ನು ಅಳೆದು ಬೆರೆಸಿದ ಆಹಾರ. ಬೂಸ್ಟು ಹಿಡಿದ ಶೇಂಗಾದಲ್ಲಿ ಅಫ್ಲಟಾಕ್ಸಿನ್ ಎಂಬ ವಿಷವಿರಬಹುದು, ಇಡಿ ಶೇಂಗಾ ಕಾಳು ಪುಟ್ಟ ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳಬಹುದು. ಅಲ್ಲದೆ ಭೋಪಾಲ್ ಮತ್ತು ಕೇರಳದ ಜನರ ಕರುಳಿನ ಜೀವಿಗಳನ್ನು ಹೋಲಿಸಿದ ನಮ್ಮ ದೇಶದ ವಿಜ್ಞಾನಿಗಳು ಎರಡರ ನಡುವೆ ಬಹಳ ವ್ಯತ್ಯಾಸ ಕಂಡಿದ್ದಾರೆ. ಹಾಗಿರುವಾಗ ಜೋಳ ಉಣ್ಣುವ ಕಲಬುರಗಿಯ ಮಗುವಿಗೂ, ಕುಚ್ಚಲಕ್ಕಿ ಗಂಜಿ ಕುಡಿಯುವ ಉಡುಪಿಯ ಮಗುವಿಗೂ ಢಾಕಾದ ಸೂತ್ರ ಒಂದೇ ರೀತಿ ಒಗ್ಗುತ್ತದೆ ಎಂದು ಪರೀಕ್ಷಿಸದೆ ಹೇಳಲಾಗದು.

ಆ ಪರೀಕ್ಷೆಯನ್ನು ನಮ್ಮ ರಾಜ್ಯದಲ್ಲಿಯೇ ದೊಡ್ಡ ಪ್ರಮಾಣದಲ್ಲಿ ನಡೆಸಬೇಕು ಎಂಬುದೇ ನನ್ನ ಕೋರಿಕೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ, ಶೇ 19.5ರಷ್ಟು ಮಂದಿ ಎತ್ತರಕ್ಕೆ ತಕ್ಕ ತೂಕ ಹೊಂದಿಲ್ಲ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ) 1950ರ ದಶಕದಲ್ಲೇ ಶೇಂಗಾ ಹಿಟ್ಟು ಮತ್ತು ಕಡಲೆಹಿಟ್ಟನ್ನು ಬೆರೆಸಿ ‘ಇಂಡಿಯನ್ ಮಲ್ಟಿಪರ್ಪಸ್ ಫುಡ್’ ಎಂಬ ಪೌಷ್ಟಿಕ ಆಹಾರವನ್ನು ರೂಪಿಸಿತ್ತು. ಅಂದಿನ ವಿಜ್ಞಾನಿಗಳ ಗಮನ ಪ್ರೊಟೀನಿನ ಮೇಲಿತ್ತು, ಕರುಳಿನ ಜೀವಿಗಳನ್ನು ಹೀಗೆ ಎಣಿಸಿ ನೋಡುವ ಸಾಧನಗಳು ಆಗ ಇರಲಿಲ್ಲ. ಈಗ ಸಾಧನಗಳಿವೆ, ಕೃಷಿ ವಿಶ್ವವಿದ್ಯಾಲಯಗಳಿವೆ, ವೈದ್ಯಕೀಯ ಕಾಲೇಜುಗಳಿವೆ, ಪ್ರತಿ ಊರಿನಲ್ಲಿಯೂ ಮಗುವಿನ ತೂಕ ಬರೆದಿಡುವ ಕಾರ್ಯಕರ್ತೆ ಇದ್ದಾಳೆ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯು ಇವರನ್ನೆಲ್ಲ ಒಂದೆಡೆ ಕೂಡಿಸಿ, ಪುಷ್ಟಿಯ ಈಗಿನ ಮಿಶ್ರಣವನ್ನೂ ಕರುಳಿನ ಜೀವಿಗಳನ್ನು ಗಮನದಲ್ಲಿಟ್ಟು ರೂಪಿಸಿದ ಮಿಶ್ರಣವನ್ನೂ ಕೆಲವು ತಾಲ್ಲೂಕುಗಳಲ್ಲಿ ಹೋಲಿಸಿ ನೋಡಲಿ. ಮಕ್ಕಳ ಮಾದರಿಗಳನ್ನು ಕೊಡುವ ತಾಯಂದಿರಿಗೆ ಏನನ್ನು, ಏಕೆ ಪರೀಕ್ಷಿಸುತ್ತಿದ್ದೇವೆ ಎಂದು ಮೊದಲೇ ಕನ್ನಡದಲ್ಲಿ ವಿವರಿಸಿ ಒಪ್ಪಿಗೆ ಪಡೆಯಲಿ. ಫಲಿತಾಂಶ ಏನೇ ಬರಲಿ, ಅದನ್ನು ಸುತ್ತಲಿನ ಅಂಗನವಾಡಿಗಳವರು ಸೇರುವ ತಿಂಗಳ ವೃತ್ತ ಸಭೆಯಲ್ಲಿ ಕಾರ್ಯಕರ್ತೆಯರ ಮುಂದೆಯೂ ಇಡಲಿ.

ಇಂತಿ,
ನಿವೃತ್ತ ಅಂಗನವಾಡಿ ಮೇಲ್ವಿಚಾರಕಿ,
ಕೊಪ್ಪಳ ಜಿಲ್ಲೆ