ಬುಲ್‌ಬುಲ್ ಅಂದರೆ ಯಾವ ಹಕ್ಕಿ?

ಗೆಳೆಯರೇ, ಲಾಲ್‌ಬಾಗ್‌ನಲ್ಲಿ ತೆಗೆದ ಹಕ್ಕಿ ಫೋಟೋಗಳಿಗೆ ಸುಮ್ನೆ ‘ಬುಲ್‌ಬುಲ್’ ಅಂತ ಬರೆಯಬೇಡಿ. ಪರ್ಷಿಯನ್ ಭಾಷೆಯಲ್ಲಿ ಆ ಹೆಸರು ನೈಟಿಂಗೇಲ್‌ನದು, ಅದು ಬೇರೆಯೇ ಹಕ್ಕಿ. ನಮ್ಮ ಹಕ್ಕಿಗೆ ಕನ್ನಡದಲ್ಲಿ ಪಿಕಳಾರ ಅನ್ನೋ ಚಂದದ ಹೆಸರಿದೆ.

ಬೆಂಗಳೂರಿನಲ್ಲಿ ಜಾಸ್ತಿ ಕಾಣುವುದು ಎರಡು. ಒಂದು ಕೆಮ್ಮೀಸೆ ಪಿಕಳಾರ. ಕಪ್ಪು ಜುಟ್ಟು ಚೂಪಾಗಿ ನಿಂತಿರುತ್ತದೆ, ಹೊಟ್ಟೆ ಬಿಳಿ, ಕಣ್ಣಿನ ಹಿಂದೆ ಕುಂಕುಮ ಇಟ್ಟಂತೆ ಕೆಂಪು. ಕೆಂಪು ಮೀಸೆಯೇ ಕೆಮ್ಮೀಸೆ. ಕಂಡದ್ದನ್ನೇ ಹೆಸರು ಮಾಡಿದ್ದಾರೆ, ಎಷ್ಟು ಸೊಗಸು ಅಲ್ವಾ? ಮರಿಗಳಿಗೆ ಮಾತ್ರ ಈ ಮೀಸೆ ಇನ್ನೂ ಬಂದಿರುವುದಿಲ್ಲ.

ಇನ್ನೊಂದು ಕೆಂಪು ಕಿಬ್ಬೊಟ್ಟೆಯ ಪಿಕಳಾರ. ಮೈ ಕಂದು, ಜುಟ್ಟು ಗಿಡ್ಡ. ಬಾಲದ ಬುಡದ ಕೆಂಪು ಎರಡಕ್ಕೂ ಇದೆ, ಹಾಗಾಗಿ ತಲೆ ನೋಡಿಯೇ ಹೆಸರು ಹಾಕಿ. ದಯವಿಟ್ಟು ಪೂರ್ತಿ ಹೆಸರು ಬರೆಯಿರಿ.